ಈರುಳ್ಳಿ ಚೀಲದ ಸೆಂಟ್ರಿ

ಲಾರಿ ಬರಲಿಲ್ಲ. ಓಬಳೇಶನ ಗ್ರಹಚಾರಕ್ಕೆಲ್ಲ ಅದೇ ಮೂಲ.

ಓಬಳೇಶ ಮೀಸಲು ಪಡೆಯ ಜವಾನ. ಟೆರಿಟೋರಿಯಲ್ ಆರ್ಮಿ ವರ್ಷಕ್ಕೆ ಎರಡು ತಿಂಗಳು ಕರೆದಾಗ ಸಮವಸ್ತ್ರ ತೊಡುತ್ತಿದ್ದ, ಉಳಿದ ಕಾಲ ಪರಶುರಾಂಪುರದಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಊರಿನವರಿಗೆ ಈ ಲೆಕ್ಕ ತಲೆಗೆ ಹತ್ತಿರಲಿಲ್ಲ. ಕುರಿ ಹಟ್ಟಿಯಿರಲಿ, ಮದುವೆ ಚಪ್ಪರವಿರಲಿ, ಕಾವಲಿಗೆ ಅವನೇ ಬೇಕು. ಹೆಣ್ಣಿನ ಮಾತು ಬಂದರೆ ಮಾತ್ರ, "ಎರಡು ತಿಂಗಳ ಮಿಲ್ಟ್ರಿಯವನಿಗೆ ವರ್ಷಪೂರ್ತಿ ಹೆಂಡ್ತಿ ಯಾಕೆ?" ಎಂದು ಜಾರಿಕೊಳ್ಳುತ್ತಿದ್ದರು.

ಅವತ್ತು ಬೆಳಿಗ್ಗೆ ಈರುಳ್ಳಿ ವ್ಯಾಪಾರಿ ಕೊಟ್ಟೂರಪ್ಪನವರು ರಸ್ತೆ ಪಕ್ಕ ಒಟ್ಟಿದ್ದ ಚೀಲಗಳ ಮುಂದೆ ಅವನ ಕೈಗೊಂದು ದೊಣ್ಣೆ ಕೊಟ್ಟರು.

"ಚಳ್ಳಕೆರೆಗೋಗಿ ಲಾರಿ ವಿಚಾರಿಸ್ಕೊಂಡು ಬರ್ತೀನಿ. ಯಾರೇ ಬರ್ಲಿ, ಒಂದು ಗಡ್ಡೆ ಅಲುಗಬಾರ್ದು."

"ಸಾವ್ಕಾರ್ರೇ, ಇವತ್ತು ನನ್ನ ನೋಡಾಕೆ ಹೆಣ್ಣಿನ ಅಪ್ಪ..."

"ಗೊತ್ತಲೇ, ಈ ಸಂಬಂಧ ತಂದೋನು ನಾನೇ ಅಲ್ವಾ? ಸುಬೇದಾರ್ ಪಾಲಯ್ಯನೋರು ಮೊಳಕಾಲ್ಮೂರಿಂದ ಚಳ್ಳಕೆರೆಗೆ ಬಂದಿರ್ತಾರೆ. ನನ್ನ ಜೀಪಲ್ಲೇ ಕರ್ಕೊಂಡು ಬರ್ತೀನಿ. ರಿಟೈರ್ಡ್ ಮಿಲ್ಟ್ರಿಯೋರು, ಡ್ಯೂಟಿ ಮೇಲಿರೋ ಹುಡುಗನ್ನ ನೋಡಿದ್ರೆ ನಿಂತಲ್ಲೇ ಒಪ್ತಾರೆ."

ಫೋಟೋದಲ್ಲಿ ನೋಡಿದಂದಿನಿಂದ ಸುಬೇದಾರರ ಮಗಳು ತೇಜಶ್ರೀ ಓಬಳೇಶನ ತಲೆಯಿಂದ ಇಳಿದಿರಲಿಲ್ಲ. ದೊಣ್ಣೆ ಹಿಡಿದು ಎದೆಯುಬ್ಬಿಸಿ ನಿಂತ.

ಪಕ್ಕದ ಮನೆಯ ಕ್ಯಾತಣ್ಣ ಬೀಡಿ ಹಚ್ಚಿಕೊಂಡು ಬಂದ. "ಲೇ, ಸುಬೇದಾರ್ ಅಂದ್ರೆ ಕ್ಯಾಪ್ಟನ್ನಿಗಿಂತ ದೊಡ್ಡೋನು. ಜೀಪ್ ನಿಂತ ತಕ್ಷಣ ಸೆಲ್ಯೂಟ್ ಹೊಡಿ."

"ಕ್ಯಾಪ್ಟನ್ನೇ ದೊಡ್ಡೋನು ಕಣಣ್ಣ. ಆಮೇಲೆ ತಲೆ ಮೇಲೆ ಟೋಪಿ ಇಲ್ದೆ ಸೆಲ್ಯೂಟ್ ಹೊಡಿಯಂಗಿಲ್ಲ."

"ಹಂಗಾದ್ರೆ ಕಾಲಿಗೆ ಬೀಳು."

"ಡ್ಯೂಟಿ ಮೇಲೆ ಬಗ್ಗಂಗಿಲ್ಲ."

"ಬಗ್ಗಂಗಿಲ್ಲ, ಹೊಡಿಯಂಗಿಲ್ಲ! ಹಂಗಾದ್ರೆ ನೀನು ಅಳಿಯ ಆಗಂಗೂ ಇಲ್ಲ ಬಿಡು."

ಕ್ಯಾತಣ್ಣ ಹೋದ ಮೇಲೆ ಓಬಳೇಶನಿಗೆ ನಿಜಕ್ಕೂ ಗಾಬರಿಯಾಯಿತು. ಮಾವನಿಗೆ ನಮಸ್ಕಾರ, ಸುಬೇದಾರರಿಗೆ ಸಲಾಮು. ಇಬ್ಬರೂ ಒಬ್ಬನೇ ಮನುಷ್ಯನಾಗಿ ಜೀಪಿನಿಂದ ಇಳಿದರೆ ಮೊದಲು ಯಾವುದು? ಯೋಚಿಸುತ್ತಿರುವಾಗಲೇ ಅವ್ವ ಬೋರಕ್ಕ ಸೆರಗೊಡ್ಡಿ ಬಂದಳು.

"ಬೀಗ್ರಿಗೆ ಉಪ್ಪಿಟ್ಟು ಮಾಡಾಕೆ ಎರಡು ಈರುಳ್ಳಿ ಕೊಡಪ್ಪ."

"ಆಗಲ್ಲವ್ವ, ಆರ್ಡರ್ ಐತೆ."

"ಹೆತ್ತೋಳಿಗೂನಾ?"

"ಆರ್ಡರಲ್ಲಿ ಹೆತ್ತೋರು, ಹೊತ್ತೋರು ಅಂತ ಇರಲ್ಲವ್ವ."

ಬೋರಕ್ಕ ಅವನ ವಂಶಕ್ಕೆಲ್ಲ ಬೈದು, ಆ ವಂಶದಲ್ಲಿ ತಾನೂ ಇರುವುದು ನೆನಪಾಗಿ ಅರ್ಧಕ್ಕೆ ನಿಲ್ಲಿಸಿ ಹೋದಳು.

ಅಷ್ಟರಲ್ಲಿ ಬಸ್ಸಿನಿಂದ ಪಂಚೆಯುಟ್ಟು ಟವೆಲ್ ಹೊದ್ದ ಮುದುಕನೊಬ್ಬ ಇಳಿದ. ನೆಟ್ಟಗೆ ಬಂದು ಒಂದು ಚೀಲದ ಮೇಲೆ ಕುಳಿತೇಬಿಟ್ಟ.

"ಥಮ್!" ನಿಲ್ಲು ಎನ್ನುವ ಮಿಲ್ಟ್ರಿ ಸೆಂಟ್ರಿಗಳ ಹಿಂದಿಯಲ್ಲೇ ಓಬಳೇಶ ಕೂಗಿದ. "ಏಳ್ರಿ ಮೇಲೆ!"

"ಕಾಲು ನೋಯ್ತಾವಪ್ಪ. ನಾನು ಕೊಟ್ಟೂರಪ್ಪನ ಗೆಣೆಕಾರ."

"ಎಲ್ರೂ ಹಂಗೇ ಅಂತಾರೆ. ಅಗೋ, ಅಲ್ಲಿ ಕುಂತ್ಕಳ್ರಿ."

ಮುದುಕ ತಕರಾರಿಲ್ಲದೆ ಎದ್ದು, ತೋರಿಸಿದ ಬಿಸಿಲಿನಲ್ಲೇ ನೆಲದ ಮೇಲೆ ಕುಳಿತ. ಸ್ವಲ್ಪ ಹೊತ್ತಿಗೆ ಕೊಟ್ಟೂರಪ್ಪನವರ ಜೀಪು ಬಂತು. ಒಳಗೆ ಅವರೊಬ್ಬರೇ ಇದ್ದರು.

"ಅಯ್ಯೋ ಸುಬೇದಾರ್ರೇ! ಚಳ್ಳಕೆರೆಲೆಲ್ಲ ನಿಮ್ಮನ್ನ ಹುಡುಕಿದ್ನಲ್ರೀ! ಇಲ್ಲಿ ಬಿಸಿಲಾಗೆ ಯಾಕೆ ಕುಂತ್ರಿ?"

ಓಬಳೇಶನ ಕೈ ಸೆಲ್ಯೂಟಿಗೆ ಏರಿತು, ಬೆನ್ನು ಕಾಲಿಗೆ ಬೀಳಲು ಬಗ್ಗಿತು. ಎರಡೂ ಒಟ್ಟಿಗೆ ಆಗಲು ಹೋಗಿ ದೊಣ್ಣೆ ಜಾರಿ ಪಾಲಯ್ಯನವರ ಪಾದದ ಮೇಲೆಯೇ ಬಿತ್ತು. ತೇಜಶ್ರೀ ಕೈತಪ್ಪಿದಳೆಂದು ಅವನಿಗೆ ಅಳುವೇ ಬಂತು.

ಬೋರಕ್ಕ ಉಪ್ಪಿಟ್ಟಿನ ತಟ್ಟೆ ಹಿಡಿದು ಓಡಿ ಬಂದಳು. ಪಾಲಯ್ಯ ಒಂದು ತುತ್ತು ತಿಂದು ಕೇಳಿದರು, "ಈರುಳ್ಳಿ ಹಾಕಿಲ್ವೇನಮ್ಮ?"

"ಇವನೇ ಕೊಡ್ಲಿಲ್ಲ ಸಾಮೇರೇ."

ಪಾಲಯ್ಯ ಚೀಲಗಳ ರಾಶಿಯನ್ನು ನೋಡಿದರು, ತಟ್ಟೆಯನ್ನು ನೋಡಿದರು. ಎದ್ದು ಬಂದು ಓಬಳೇಶನ ಬೆನ್ನು ತಟ್ಟಿದರು.

"ಶಾಭಾಷ್! ಇಷ್ಟು ವರ್ಷದ ಸರ್ವಿಸಲ್ಲಿ ಇಂಥ ಸೆಂಟ್ರಿನ ನೋಡಿಲ್ಲ. ಮುಂದಿನ ತಿಂಗಳು ಮದುವೆ. ಹಿಂದಿನ ದಿನವೇ ಮೊಳಕಾಲ್ಮೂರಿಗೆ ಬಂದ್ಬಿಡು."

ಓಬಳೇಶನಿಗೆ ಹೋದ ಜೀವ ಬಂದಂತಾಯಿತು. ಬೋರಕ್ಕ ಮಗನಿಗೆ ದೃಷ್ಟಿ ತೆಗೆದು ನೆಟಿಗೆ ಮುರಿದಳು. "ಅವ್ವನ್ನೂ ಕರ್ಕೊಂಡು ಬರ್ತೀನಿ ಸಾಹೇಬ್ರೇ!" ಎಂದ ಓಬಳೇಶ.

"ಬರ್ಲಿ, ಊಟ ಮಾಡ್ಕೊಂಡು ಹೋಗ್ಲಿ. ನೀನು ಮಾತ್ರ ಗೇಟು ಬಿಟ್ಟು ಅಲುಗಬಾರ್ದು."

"ಗೇಟಾ?"

"ಬೆಳಿಗ್ಗೆ ಚಳ್ಳಕೆರೆಲಿ ಇನ್ನೊಬ್ಬ ಹುಡುಗನ್ನ ನೋಡ್ದೆ. ನೀವ್ಯಾರು ಅಂತಾನೂ ಕೇಳ್ಲಿಲ್ಲ. ಕುರ್ಚಿ ಹಾಕ್ದ, ಮಂಡಕ್ಕಿ ಕೊಟ್ಟ, ಅಂಗಡಿ ನೋಡ್ಕಳ್ರಿ ಅಂತ ನನಗೇ ಬಿಟ್ಟು ಟೀ ತರಾಕೆ ಹೋದ! ಮಗಳನ್ನ ಕೊಟ್ರೆ ಅಂಥೋನಿಗೆ ಕೊಡ್ಬೇಕಪ್ಪ. ಆದ್ರೆ ಅಂಥೋನ ಮದುವೆಗೆ ಗೇಟಲ್ಲಿ ನಿನ್ನಂಥೋನು ಇರ್ಬೇಕು. ಮನೆ ತುಂಬ ರೇಷ್ಮೆ ಸೀರೆ ಇರ್ತಾವೆ."

ಸೆಲ್ಯೂಟ್ ಹೊಡೆಯಬೇಕೋ ಅಳಬೇಕೋ ಓಬಳೇಶನಿಗೆ ಗೊತ್ತಾಗಲಿಲ್ಲ. ಕೊಟ್ಟೂರಪ್ಪನವರು ಪಾಲಯ್ಯನವರನ್ನು ಹತ್ತಿಸಿಕೊಂಡು ಜೀಪು ಚಾಲೂ ಮಾಡಿದರು.

"ಲಾರಿ ನಾಳೆ ಬರ್ತೈತಂತೆ ಓಬಳೇಶ. ಎಲ್ಲೂ ಹೋಗ್ಬೇಡ."

ಜೀಪು ಮರೆಯಾದ ಮೇಲೆ ಬೋರಕ್ಕ ಚೀಲದ ಬಾಯಿ ಬಿಚ್ಚಿ ಎರಡು ಈರುಳ್ಳಿ ತೆಗೆದಳು.

"ಥಮ್," ಎಂದ ಓಬಳೇಶ, ಅಭ್ಯಾಸ ಬಲದಿಂದ.

ಅವ್ವ ಅವನ ಮುಖವನ್ನೇ ನೋಡುತ್ತ ಮೂರನೆಯದನ್ನೂ ತೆಗೆದುಕೊಂಡಳು.