ಎರೆಹುಳು ಬೇಡ, ಸ್ಪ್ಲೈಸಿಂಗ್ ಬೇಕು

ಜೀವಶಾಸ್ತ್ರ ಕಲಿಸುವವರು ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದು ತಾನಾಗಿಯೇ ದಿನಾ ಬೆಳಿಗ್ಗೆ ಹುಮನಾಬಾದಿನ ಬಸ್ಸಿನಲ್ಲಿ ನನ್ನ ಪಕ್ಕ ಸೀಟು ಹಿಡಿದು ಬಸವಕಲ್ಯಾಣದವರೆಗೆ ಬರುತ್ತದೆ. ನಾನು ಅಲ್ಲಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಉಪನ್ಯಾಸಕಿ.

ಸವಾಲು

ನನಗೆ ಜೀವಕ್ಕೆ ಜೀವವಾದ ಪಾಠ ಒಂದೇ, ಆರ್‌ಎನ್‌ಎ ಸ್ಪ್ಲೈಸಿಂಗ್. ಜೀನಿನಿಂದ ನಕಲಾಗಿ ಬರುವ ಉದ್ದನೆಯ ಆರ್‌ಎನ್‌ಎಯಲ್ಲಿ ಬೇಕಾದ ತುಂಡುಗಳೂ ಇರುತ್ತವೆ, ಬೇಡದವೂ ಇರುತ್ತವೆ. ಬೇಕಾದವು ಎಕ್ಸಾನ್, ಬೇಡದವು ಇಂಟ್ರಾನ್. ಜೀವಕೋಶ ಇಂಟ್ರಾನ್‌ಗಳನ್ನು ಕತ್ತರಿಸಿ ಬಿಸಾಕಿ ಎಕ್ಸಾನ್‌ಗಳನ್ನು ಜೋಡಿಸುತ್ತದೆ. ಹಾಗೆ ಸಿದ್ಧವಾದ ಮೆಸೆಂಜರ್ ಆರ್‌ಎನ್‌ಎ ನ್ಯೂಕ್ಲಿಯಸ್ಸಿನಿಂದ ಹೊರಗೆ ಹೋಗಿ ಪ್ರೋಟೀನ್ ಮಾಡಿಸುತ್ತದೆ. ಇದರಲ್ಲಿ ಕಷ್ಟವೇನಿದೆ?

ನಮ್ಮ ವಿಭಾಗದ ಮುಖ್ಯಸ್ಥರಿಗೆ ಮಾತ್ರ ಇದು ತಲೆನೋವು. "ಮೇಡಂ, ಈ ಪಾಠ ನಮ್ಮ ಹುಡುಗರ ತಲಿಗೆ ಹೋಗಂಗಿಲ್ರಿ. ಚಾಯ್ಸಿನಾಗ ಬಿಡಾಕ ಹೇಳ್ರಿ" ಅಂದರು.

"ಯಾಕ್ರಿ ಸರ್ ಬಿಡಬೇಕು?" ಎಂದು ನಾನು ಜಗಳಕ್ಕೇ ನಿಂತೆ.

"ಆತು. ಸೆಮಿನಾರಿಗೆ ಹೊರಗಿನ ಪ್ರೊಫೆಸರ್ ಬರಾಕತ್ತಾರ. ಅವ್ರ ಮುಂದ ನಿಮ್ಮ ವಿದ್ಯಾರ್ಥಿ ಒಬ್ರಾದ್ರೂ ಬರಾಬರ್ ತಿಳಿಸಿ ಹೇಳಿದ್ರ ಪಾಠ ನಿಮ್ಮದು. ಇಲ್ಲಂದ್ರ ಮುಂದಿನ ವರ್ಷ ನಾನೇ ನೋಟ್ಸ್ ಕೊಟ್ಟು ಮುಗಿಸ್ತೀನಿ. ನೀವು ಎರೆಹುಳುವಿನ ಪಾಠ ತಗೋರಿ."

ಎರೆಹುಳುವಿನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಹಟ ಅಂದರೆ ಹಟ, ಒಪ್ಪಿಕೊಂಡೆ.

ಮುಖ್ಯಸ್ಥರು ಆಗ ಬೇರೊಂದು ಕಾರಣಕ್ಕೂ ಕುದಿಯುತ್ತಿದ್ದರು. ಆಗಷ್ಟೇ ಮಗಳನ್ನು ಹುಮನಾಬಾದಿಗೆ ಕೊಟ್ಟಿದ್ದರು. ಬೀಗರ ಮನೆಯಲ್ಲಿ ಮದುವೆಯ ವಿಡಿಯೋ ಹಾಕಿ ತೋರಿಸಿದರಂತೆ. ಹೆಣ್ಣಿನ ತಂದೆಯಾದ ಇವರು ಅದರಲ್ಲಿ ಕಂಡದ್ದು ಒಂದೇ ಸಲ, ಅದೂ ಬೆನ್ನು. ಸ್ಟಾಫ್ ರೂಮಿಗೆ ಚಹಾ ಬಂದಾಗಲೆಲ್ಲ ಜೊತೆಗೆ ಆ ಬೆನ್ನಿನ ಮಾತೂ ಬರುತ್ತಿತ್ತು.

ಮಲ್ಲಿಗೆ ಮತ್ತು ಚೆಂಡುಹೂವು

ಹಲಗೆಯ ಮೇಲೆ ಬರೆದರೆ ಮಕ್ಕಳು ಆಕಳಿಸುತ್ತಾರೆಂದು ಒಂದು ಉದ್ದನೆಯ ಮಾಲೆ ಕಟ್ಟಿಸಿಕೊಂಡು ಹೋದೆ. ಸ್ವಲ್ಪ ಮಲ್ಲಿಗೆ, ಸ್ವಲ್ಪ ಚೆಂಡುಹೂವು, ಮತ್ತೆ ಮಲ್ಲಿಗೆ. "ಮಲ್ಲಿಗೆ ಎಕ್ಸಾನ್, ಚೆಂಡುಹೂವು ಇಂಟ್ರಾನ್. ಕತ್ತರಿಸಿ, ಜೋಡಿಸಿ" ಎಂದು ಕತ್ತರಿ ಕೊಟ್ಟು, ಕಚೇರಿಯಿಂದ ಕರೆ ಬಂದದ್ದಕ್ಕೆ ಆ ಕಡೆ ಹೋಗಿ ಬಂದೆ.

ಬಂದು ನೋಡಿದರೆ ಮೇಜಿನ ಮೇಲೆ ಚೆಂಡುಹೂವಿನ ರಾಶಿ ಮಾತ್ರ. ಮಲ್ಲಿಗೆಯ ಸುಳಿವಿಲ್ಲ. ಹುಡುಗಿಯರು ಪಕ್ಕದ ತರಗತಿಯ ಗೆಳತಿಯರಿಗೂ ಹಂಚಿ, ಎಲ್ಲರೂ ಮುಡಿದಾಗಿತ್ತು.

"ಮೆಸೆಂಜರ್ ಆರ್‌ಎನ್‌ಎ ಎಲ್ಲಿ?" ಎಂದು ಗದರಿದೆ.

ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ. "ಸ್ಪ್ಲೈಸಿಂಗ್ ಮುಗೀತ್ರಿ ಮೇಡಂ. ನ್ಯೂಕ್ಲಿಯಸ್ ಬಿಟ್ಟು ಹೊರಗ ಹೋಗ್ಯಾದ್ರಿ."

ಉತ್ತರ ನೂರಕ್ಕೆ ನೂರು ಸರಿ.

ಅತ್ತೆಯ ಪ್ರೋಟೀನ್

ಒಂದು ದಿನ ಬಸ್ಸಿನಲ್ಲಿ ಹುಡಗಿ ಎಂಬ ಊರಿನ ಹೆಂಗಸೊಬ್ಬರು ಪಕ್ಕ ಕೂತಿದ್ದರು. ಏನು ಕಲಿಸುತ್ತೀರಿ ಎಂದು ಕೇಳಿದರು. ಮೈಯೊಳಗಿನ ಜೀವಕೋಶಗಳಲ್ಲೆಲ್ಲ ಹೆಚ್ಚುಕಡಿಮೆ ಒಂದೇ ಬರಹವಿದೆ, ಕಣ್ಣಿನಲ್ಲಿರುವುದೇ ಒಸಡಿನಲ್ಲೂ ಇದೆ ಎಂದೆ.

"ಹಂಗಾದ್ರ ಕಣ್ಣಾಗ ಹಲ್ಲು ಯಾಕ ಬರಂಗಿಲ್ರಿ?"

ನನಗೆ ಅವರನ್ನು ತಬ್ಬಿಕೊಳ್ಳುವಷ್ಟು ಖುಷಿಯಾಯಿತು. ನನ್ನ ತರಗತಿಯಲ್ಲಿ ಒಬ್ಬರೂ ಕೇಳದ ಪ್ರಶ್ನೆ! ಜೀನುಗಳು ಎಲ್ಲ ಕಡೆ ಇದ್ದರೂ ಎಲ್ಲ ಕಡೆ ಕೆಲಸ ಮಾಡುವುದಿಲ್ಲ, ಕೆಲವು ಪ್ರೋಟೀನುಗಳು ಅವುಗಳ ಮೇಲೆ ಕೂತು ಬಾಯಿ ಮುಚ್ಚಿಸುತ್ತವೆ ಎಂದು ವಿವರಿಸಿದೆ.

"ತಿಳೀತ್ರಿ. ನಮ್ಮ ಮನ್ಯಾಗ ಎಲ್ಲಾ ಖೋಲಿಗೂ ಲೈಟಿನ ಬಟನ್ ಅದಾವ. ನಮ್ಮತ್ತಿ ಒಂದಾದ್ರೂ ಒತ್ತಾಕ ಬಿಡಂಗಿಲ್ಲ."

ಇದನ್ನು ತರಗತಿಯಲ್ಲಿ ಹೇಳಿದ್ದೇ ತಪ್ಪಾಯಿತು. ಕಿರುಪರೀಕ್ಷೆಯಲ್ಲಿ ಒಬ್ಬ ಬರೆದ: "ಅತ್ತೆ ಕೂತಿರುವವರೆಗೆ ಜೀನು ಕೆಲಸ ಮಾಡುವುದಿಲ್ಲ." ಆ ಉತ್ತರಪತ್ರಿಕೆ ಮುಖ್ಯಸ್ಥರ ಕೈಗೇ ಸಿಗಬೇಕೆ? ಓದಿ, ಕನ್ನಡಕ ತೆಗೆದು, ನನ್ನನ್ನು ನೋಡಿದರು. "ಮೇಡಂ, ಎರೆಹುಳು ಓದಾಕ ಚಾಲೂ ಮಾಡ್ರಿ."

ಸೆಮಿನಾರ್

ನಾನು ಆರಿಸಿದ್ದು ಮುಡಬಿ ಊರಿನ ಒಬ್ಬ ಹುಡುಗಿಯನ್ನು. ಮನೆಯವರು ಕುರಿ ಸಾಕುತ್ತಾರೆ. ಇವಳು ರಜೆಯ ದಿನಗಳಲ್ಲಿ ಹುಮನಾಬಾದಿನ ಒಂದು ಸ್ಟುಡಿಯೋದಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುತ್ತಾಳೆ. ತರಗತಿಯಲ್ಲಿ ಬಾಯಿ ಬಿಟ್ಟವಳಲ್ಲ. ವೇದಿಕೆ ಹತ್ತಿ ಮೈಕು ಹಿಡಿದಳು.

"ಒಂದು ಮದುವಿ ಅಂತ ತಿಳೀರಿ" ಎಂದು ಶುರು ಮಾಡಿದಳು. "ಶೂಟಿಂಗ್ ಒಂದೇ. ಹೆಣ್ಣಿನ ಕಡಿಗೆ ಒಂದು ಕಾಪಿ, ಗಂಡಿನ ಕಡಿಗೆ ಒಂದು ಕಾಪಿ. ಇವ್ರಿಗೆ ಬೇಕಾದದ್ದು ಅವ್ರಿಗೆ ಬ್ಯಾಡ. ಒಂದೇ ಆರ್‌ಎನ್‌ಎ ಬ್ಯಾರೆ ಬ್ಯಾರೆ ಥರ ಕತ್ತರಿಸಿದ್ರ ಬ್ಯಾರೆ ಬ್ಯಾರೆ ಪ್ರೋಟೀನ್ ಆಗ್ತಾವ್ರಿ."

ಪ್ರೊಫೆಸರ್ ಕುರ್ಚಿಯಲ್ಲಿ ಮುಂದೆ ಸರಿದು ಕೂತರು. "ವೈರಸ್ಸಿನಲ್ಲಿ ಇದು ಹೇಗೆ?"

"ಕೆಲವು ವೈರಸ್ ಭಾಳ ಶಾಣ್ಯಾ ಇರ್ತಾವ್ರಿ ಸರ್. ಸ್ವಂತ ಸ್ಟುಡಿಯೋ ಇಲ್ಲ. ಸಣ್ಣ ಮೆಮೊರಿ ಕಾರ್ಡ್ ತರ್ತಾವ. ನಮ್ಮ ಜೀವಕೋಶದ್ದೇ ಕಂಪ್ಯೂಟರ್, ಅದರದ್ದೇ ಎಡಿಟರ್. ಅದೊಂದನ್ನೇ ಹತ್ತು ನಮೂನಿ ಕತ್ತರಿಸಿಕೊಂಡು ಹೋಗ್ತಾವ. ಅಂಥ ಗಿರಾಕಿ ನಮ್ಮಲ್ಲೂ ಬರ್ತಾರ್ರಿ."

ಸಭೆ ಘೊಳ್ಳೆಂದು ನಕ್ಕಿತು. ಆ ಉತ್ಸಾಹದಲ್ಲಿ ಹುಡುಗಿ ಇನ್ನೊಂದು ಹೆಜ್ಜೆ ಮುಂದೆ ಹೋದಳು. "ಮೊನ್ನೆ ಹುಮನಾಬಾದಿನ ಮದುವ್ಯಾಗ ಹೆಣ್ಣಿನ ತಂದಿ ಭಾಳ ಉದ್ದ ಭಾಷಣ ಮಾಡ್ಯಾರ. ಗಂಡಿನ ಕಾಪಿಯಾಗ ಅದನ್ನ ನಾನೇ ಪೂರಾ ತೆಗೆದೀನಿ. ಬರೇ ಬೆನ್ನು ಉಳದದ…"

ಮುಖ್ಯಸ್ಥರು ಧಡಕ್ಕನೆ ಎದ್ದು ನಿಂತರು. "ನೀನಾ?"

ಹುಡುಗಿಯ ಮುಖ ಬಿಳಿಚಿಕೊಂಡಿತು. ಸ್ಟುಡಿಯೋದ ಪರದೆಯ ಮೇಲೆ, ತಲೆಗೆ ಮದುವೆಯ ರುಮಾಲು ಸುತ್ತಿದವರ ಮುಖವನ್ನಷ್ಟೇ ನೋಡಿದ್ದಳು, ಪಾಪ, ಅದು ನಮ್ಮ ಸರ್ ಎಂದು ಹೊಳೆದೇ ಇರಲಿಲ್ಲ. ನನ್ನ ಕಣ್ಣ ಮುಂದೆ ಎರೆಹುಳುಗಳು ಹರಿದಾಡಿದವು.

ಆದರೆ ಅವಳು ಮೈಕು ಬಿಡಲಿಲ್ಲ. "ಸರ್, ಅಸಲಿ ಶೂಟಿಂಗಿನಾಗ ನೀವು ಪೂರಾ ಅದೀರ್ರಿ. ಎಲ್ಲಿಗೂ ಹೋಗಿಲ್ಲ. ಗಂಡಿನ ಕಡಿಗೆ ನೀವು ಇಂಟ್ರಾನ್, ಹೆಣ್ಣಿನ ಕಡಿಗೆ ಎಕ್ಸಾನ್. ನಿಮ್ಮ ಕಾಪಿ ಇನ್ನೂ ಎಡಿಟಿಂಗ್‌ನಾಗ ಅದ್ರಿ."

ಪ್ರೊಫೆಸರ್ ಮೇಜು ತಟ್ಟಿ ನಕ್ಕರು. "ಇದನ್ನು ಇದಕ್ಕಿಂತ ಚೆನ್ನಾಗಿ ನಾನೂ ಹೇಳಿಲ್ಲ" ಎಂದು ಎಲ್ಲರ ಎದುರೇ ಒಪ್ಪಿಕೊಂಡರು. ಚಪ್ಪಾಳೆ ನಿಲ್ಲಲೇ ಇಲ್ಲ. ನಾನು ಗೆದ್ದಿದ್ದೆ, ನನ್ನ ಹುಡುಗಿ ಗೆದ್ದಿದ್ದಳು. ಕಣ್ಣೀರು ಬಂದದ್ದನ್ನು ಮುಚ್ಚಿಡುವ ಗೋಜಿಗೂ ನಾನು ಹೋಗಲಿಲ್ಲ.

ಮುಖ್ಯಸ್ಥರು ನಿಂತೇ ಇದ್ದರು.

"ಮೇಡಂ, ಪಾಠ ನಿಮ್ಮದೇ" ಅಂದರು. ಆಮೇಲೆ ವೇದಿಕೆಯ ಕಡೆ ತಿರುಗಿ, ಮೆಲ್ಲಗೆ, ಆದರೆ ಇಡೀ ಸಭೆಗೆ ಕೇಳುವ ಹಾಗೆ ಹೇಳಿದರು: "ನೋಡವ್ವಾ, ನಮ್ಮ ಕಾಪಿಯಾಗ ನಮ್ಮ ಬೀಗರನ್ನ ಇಂಟ್ರಾನ್ ಮಾಡು."