ನೆಗ್ಗಿದ ಪಾವು

ನಿವೃತ್ತಿಯ ದಿನ ಎಲ್ಲರಿಗೂ ಶಾಲು, ಹಾರ, ತೆಂಗಿನಕಾಯಿ ಸಿಗುತ್ತವೆ. ನನಗೆ ಇವುಗಳ ಜೊತೆಗೆ ನಲವತ್ತು ಜನರ ಹಲ್ಲುನೋವಿನ ಪಾಪವೂ ಸಿಕ್ಕಿತು. ಎಂಬತ್ತೆಂಟನೆಯ ಇಸವಿಯ ಏಪ್ರಿಲ್ ತಿಂಗಳ ಮಾತು. ಇಷ್ಟು ವರ್ಷ ಹೊರಗಿನವರಿಗೆ ಹೇಳಿರಲಿಲ್ಲ. ಈಗ ಹೇಳಿ ಸ್ವಲ್ಪ ಹಗುರಾಗುತ್ತೇನೆ.

ಸಯನ್‌ನ ನಮ್ಮ ಎರಡು ಕೋಣೆಯ ಮನೆಯಲ್ಲಿ ನನ್ನ ಹೆಂಡತಿ ಅಲಮೇಲುವಿನ ಅಡುಗೆಮನೆ ಒಂದು ಸ್ವತಂತ್ರ ಸಂಸ್ಥಾನವಾಗಿತ್ತು. ದೇಶಕ್ಕೆಲ್ಲ ಕಿಲೋ, ಲೀಟರು ಬಂದು ಮೂವತ್ತು ವರ್ಷವಾದರೂ ಆ ಸಂಸ್ಥಾನ ಒಕ್ಕೂಟಕ್ಕೆ ಸೇರಿರಲಿಲ್ಲ. ಅಲ್ಲಿ ಅಕ್ಕಿಗೆ ಪಾವು, ನೀರಿಗೆ ಚೊಂಬು, ಉಪ್ಪಿಗೆ ಹಿಡಿ, ಇಂಗಿಗೆ ಚಿಟಿಕೆ, ಹುಣಿಸೆಹಣ್ಣಿಗೆ ನಿಂಬೆಯ ಗಾತ್ರ. (ಯಾವ ನಿಂಬೆ? ಮೈಸೂರಿನದೋ, ಸಯನ್ ಮಾರ್ಕೆಟ್ಟಿನ ಗೋಲಿಯಂಥದೋ? ಒಮ್ಮೆ ಹೀಗೆ ಕೇಳಿ, ಆ ದಿನ ಸಾರಿಲ್ಲದೆ ಉಂಡೆ.) ಕನ್ನಡ ಶಾಲೆಯೊಂದರಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದ ನನಗೆ ಇದೆಲ್ಲ ಕಣ್ಣಿಗೆ ಬಿದ್ದ ಧೂಳಿನಂತಿತ್ತು.

ಎಲ್ಲಕ್ಕಿಂತ ಹೆಚ್ಚಾಗಿ ಆ ಹಿತ್ತಾಳೆಯ ಪಾವು! ತವರಿನಿಂದ ತಂದದ್ದು. ಅದರ ಹೊಟ್ಟೆಯಲ್ಲಿ ಹೆಬ್ಬೆರಳು ಕೂರುವಷ್ಟು ದೊಡ್ಡ ನೆಗ್ಗು. ಒಂದು ಭಾನುವಾರ ಶಾಲೆಯ ಪ್ರಯೋಗಶಾಲೆಯ ಗಾಜಿನ ಅಳತೆಗೊಳವೆ ತಂದು ನೀರು ತುಂಬಿ ನೋಡಿಯೇಬಿಟ್ಟೆ.

“ಅಲಮೇಲು, ನಿನ್ನ ಪಾವು ಸುಳ್ಳು ಹೇಳುತ್ತಿದೆ. ಎಂಟರಲ್ಲಿ ಒಂದು ಪಾಲು ಕಡಿಮೆ.”

“ಮೂವತ್ತು ವರ್ಷ ಅದರಲ್ಲೇ ಅಳೆದ ಅನ್ನ ತಿಂದು ಹೊಟ್ಟೆ ಅಷ್ಟು ಮುಂದೆ ಬಂದಿದೆ. ಅಲ್ಲೇನೂ ಕಡಿಮೆ ಬಿದ್ದ ಹಾಗೆ ಕಾಣಲಿಲ್ಲ,” ಎಂದಳು.

ವಾದ ಅಲ್ಲಿಗೆ ನಿಂತಿತು. ನನ್ನ ಮನಸ್ಸು ನಿಲ್ಲಲಿಲ್ಲ.

ಈ ನಡುವೆ ನನ್ನ ಬೀಳ್ಕೊಡುಗೆಯ ದಿನ ಗೊತ್ತಾಯಿತು. ಅಲಮೇಲು ಪುಳಿಯೋಗರೆ ಕಟ್ಟಿಕೊಟ್ಟ ದಿನ ಶಾಲೆಯಲ್ಲಿ ನನ್ನ ಡಬ್ಬಿಗೆ ಹತ್ತು ಕೈ ಬೀಳುತ್ತಿದ್ದವು. ನನಗೆ ಉಳಿಯುತ್ತಿದ್ದದ್ದು ಒಣಮೆಣಸಿನಕಾಯಿ ಮಾತ್ರ. ಹೆಡ್‌ಮಾಸ್ತರರಾದ ಅಣವೀರಪ್ಪನವರು ವಿಜಾಪುರದ ಕಡೆಯವರು. ಅವರೇ ಕರೆದು ಹೇಳಿದರು:

“ಮೂರ್ತಿಯವರ, ಹಾರ ಶಾಲು ನಾವು ತರ್ತೀವಿ. ನೀವು ವೈನಿಯವರ ಕೈಲೆ ಪುಳಿಯೋಗರೆ ಮಾಡಿಸಿ ತರ್ರಿ. ಡಬ್ಬಿ ಅಲ್ರೀ ಮತ್ತ, ಹಂಡೆ!”

ಈ ಸುದ್ದಿ ಕೇಳಿ ಅಲಮೇಲುವಿಗಾದ ಸಂತೋಷ ನಮ್ಮ ಮದುವೆಯ ದಿನವೂ ಆಗಿರಲಿಲ್ಲ. ನನ್ನ ಸಹೋದ್ಯೋಗಿಗಳಲ್ಲಿ ಒಬ್ಬರನ್ನೂ ಅವಳು ಕಂಡವಳಲ್ಲ. ಆದರೆ ಯಾರಿಗೆ ಕಡಲೆಕಾಯಿ ಬೀಜ ಹೆಚ್ಚು ಬೇಕು, ಯಾರಿಗೆ ಖಾರ ಆಗದು ಎಂಬುದು ಖಾಲಿ ಡಬ್ಬಿಯ ಜೊತೆ ಬರುತ್ತಿದ್ದ ಸುದ್ದಿಯಿಂದಲೇ ತಿಳಿದಿತ್ತು. “ನಾನೇ ಬಂದು ಬಡಿಸುತ್ತೇನೆ,” ಎಂದಳು. ಮೂರು ದಿನ ಮೊದಲೇ ಗೊಜ್ಜು ಕುದಿಸಿ ಭರಣಿಯಲ್ಲಿ ತುಂಬಿಟ್ಟಳು.

ಆಗ ನನಗೊಂದು ಭವ್ಯವಾದ ಯೋಚನೆ ಹೊಳೆಯಿತು. (ನನ್ನ ಯೋಚನೆಗಳು ಯಾವಾಗಲೂ ಭವ್ಯವೇ. ಅನುಭವಿಸುವವರು ಬೇರೆ.) ಇಷ್ಟು ದುಡಿಯುವವಳಿಗೆ ನೇರವಾದ ಒಂದು ಪಾವನ್ನಾದರೂ ಉಡುಗೊರೆ ಕೊಡೋಣ ಎಂದು, ಅವಳು ಮಾಟುಂಗದ ದೇವಸ್ಥಾನಕ್ಕೆ ಹೋದಾಗ, ಕಟ್ಟಡದ ಅಂಗಳದಲ್ಲಿ ಕುಳಿತಿದ್ದ ಕಲಾಯಿಯವನ ಬಳಿಗೆ ಆ ಹಳೆಯ ಪಾವನ್ನೇ ಒಯ್ದೆ. ಅವನು ತಿರುಗಿಸಿ ನೋಡಿ, “ಮಾಸ್ಟರ್‌ಜೀ, ರೆಹನೇ ದೋ. ಪುರಾನಾ ಬರ್ತನ್ ಹೈ,” ಎಂದ. ಹಳೆಯ ಪಾತ್ರೆ, ಹಾಗೇ ಇರಲಿ ಎಂದು ಅಷ್ಟು ಸ್ಪಷ್ಟವಾಗಿ ಹೇಳಿದರೂ ನಾನು ಕೇಳಲಿಲ್ಲ. ಒಳಗಿನಿಂದ ನಾಲ್ಕು ಪೆಟ್ಟು ಕೊಟ್ಟ. ಪಾವು ಹೊಸ ಮದುಮಗನಂತೆ ನೆಟ್ಟಗಾಯಿತು.

ಬೀಳ್ಕೊಡುಗೆಯ ಬೆಳಗ್ಗೆ ಅಲಮೇಲು ಒಗ್ಗರಣೆಯ ಮುಂದಿದ್ದಳು. “ಅಕ್ಕಿ ನಾನು ಅಳೆಯುತ್ತೇನೆ,” ಎಂದೆ. ಊಟವಾದ ಮೇಲೆ ಉಡುಗೊರೆಯನ್ನು ತೋರಿಸಿ ಬೆರಗುಗೊಳಿಸುವ ಆಸೆ.

“ಹದಿನಾರು ಪಾವು. ನೀರು ಎಂಟು ಚೊಂಬು, ಎಸರಿಗಿಟ್ಟಾಗಿದೆ,” ಎಂದಳು. ನಾನು ಹದಿನಾರು ಎಣಿಸಿ ಹಾಕಿದೆ. ಅಂದರೆ ಅವಳ ಲೆಕ್ಕಕ್ಕಿಂತ ಎರಡು ಪಾವು ಹೆಚ್ಚಿಗೆ. ನೀರು ಅಷ್ಟೇ, ಉಪ್ಪು ಅಷ್ಟೇ, ಗೊಜ್ಜೂ ಅಷ್ಟೇ. ಒಂದನೇ ತರಗತಿಯ ಹುಡುಗನಿಗೂ ಹೊಳೆಯುವ ಈ ಲೆಕ್ಕ ನನಗೆ ಹೊಳೆಯಲಿಲ್ಲ.

ಹಂಡೆಯಲ್ಲಿ ಸೌಟು ಆಡಿಸುತ್ತ ಅವಳು ಹುಬ್ಬು ಗಂಟಿಕ್ಕಿದಳು. “ರೀ, ಹದಿನಾರೇ ಹಾಕಿದಿರಾ?”

“ಗಣಿತದ ಮಾಸ್ತರನಿಗೆ ಹದಿನಾರು ಎಣಿಸಲು ಬರುವುದಿಲ್ಲವೇ?”

ಅವಳು ನನ್ನನ್ನು ನಂಬಿದಳು. ಅದೇ ಈಗಲೂ ಚುಚ್ಚುತ್ತದೆ.

ಶಾಲೆಯಲ್ಲಿ ಒಳ್ಳೆಯ ಸೀರೆಯುಟ್ಟು ತಾನೇ ಬಡಿಸಿದಳು. ಮೊದಲ ತುತ್ತಿಗೇ ಸಂಗೀತ ಕಲಿಸುವ ಗಂಗುಬಾಯಿ ಮೂರು ಲೋಟ ನೀರು ಕುಡಿದರು. ಅಣವೀರಪ್ಪನವರು ಬಹಳ ಹೊತ್ತು ಅಗಿದು ನುಂಗಿ ಹೇಳಿದರು:

“ವೈನಿಯವರ, ಅನ್ನ ಭಾಳ ಗಟ್ಟಿಮುಟ್ಟ ಆಗೇದ್ರಿ. ಥೇಟ್ ಮೂರ್ತಿಯವರ ಪಾಠದ ಹಾಂಗ. ಬಾಯಾಗ ಇಟ್ಕೊಂಡು ಸಾವಕಾಶ ಅಗೀಬೇಕು!”

ಎಲ್ಲರೂ ನಕ್ಕರು. ಅಲಮೇಲುವೂ ನಕ್ಕಳು. ಎರಡನೆಯ ಸಲ ಯಾರೂ ಕೇಳಲಿಲ್ಲ. ಆಮೇಲೆ ನಾನು ಎದ್ದು ನಿಂತು ‘ಅಳತೆ ತಪ್ಪದ ಬಾಳು’ ಎಂಬ ವಿಷಯವಾಗಿ ಇಪ್ಪತ್ತು ನಿಮಿಷ ಮಾತನಾಡಿದೆ.

ಅರ್ಧ ತುಂಬಿದ ಹಂಡೆಯೊಂದಿಗೆ ಟ್ಯಾಕ್ಸಿಯಲ್ಲಿ ಹಿಂದಿರುಗುವಾಗ ಅವಳು ತನ್ನ ಅಂಗೈ ನೋಡಿಕೊಂಡು, “ಕೈ ಕೆಟ್ಟಿತು ಕಣ್ರೀ. ವಯಸ್ಸಾಯಿತು,” ಎಂದಳು. ಪಾವಿನ ಲೆಕ್ಕ ನನಗೆ ಹೊಳೆದದ್ದು ಆಗ. ಆಗಲೇ ಹೇಳಬೇಕಾಗಿತ್ತು. ದಾದರ್ ದಾಟಿತು, ಮಾಟುಂಗ ದಾಟಿತು. ನಾನು ಕಿಟಕಿಯಿಂದ ಹೊರಗೆ ನೋಡುತ್ತ ಕುಳಿತೆ.

ಮಾರನೆಯ ದಿನ ಪಾವು ಕೈಗೆತ್ತಿಕೊಂಡವಳ ಹೆಬ್ಬೆರಳು ಅದರ ಹೊಟ್ಟೆಯ ಸುತ್ತ ಏನನ್ನೋ ಹುಡುಕಿತು.

“ನೆಗ್ಗು ಎಲ್ಲಿ?”

ನಾನು ಎಲ್ಲವನ್ನೂ ಒಪ್ಪಿಕೊಂಡೆ. ಬೈಗುಳಕ್ಕೆ ತಯಾರಾಗಿ ನಿಂತೆ. ಅವಳು ಬೈಯಲಿಲ್ಲ.

“ಆ ನೆಗ್ಗು ಹೇಗಾಯಿತು, ನೆನಪಿದೆಯೇ? ಮದುವೆಯಾಗಿ ಬಂದ ದಿನ ದಾದರ್ ಸ್ಟೇಷನ್ನಿನಲ್ಲಿ ಪಾತ್ರೆಯ ಗಂಟು ಕೈಬಿಟ್ಟವರು ನೀವು. ಅಮ್ಮ ಹೇಳಿಕೊಟ್ಟ ಲೆಕ್ಕವೆಲ್ಲ ತಪ್ಪಿ ದಿನವೂ ಅನ್ನ ಮುದ್ದೆಯಾಗುತ್ತಿತ್ತು. ಮೂರು ತಿಂಗಳು ಅತ್ತು, ಆ ನೆಗ್ಗಿಗೆ ಕೈ ಹೊಂದಿಸಿಕೊಂಡೆ. ಒಮ್ಮೆ ಕೆಡಿಸಿದ್ದೂ ನೀವೇ, ಈಗ ಸರಿಮಾಡಿ ಕೆಡಿಸಿದ್ದೂ ನೀವೇ.”

ನಾನು ಕುಟ್ಟಾಣಿ ತಂದು ಪಾವಿಗೆ ಮತ್ತೆ ಎರಡು ಪೆಟ್ಟು ಹಾಕಿ, ನೀರು ಅಳೆಯಲು ಕುಳಿತೆ. “ಸಾಕು, ಅದನ್ನು ತಟ್ಟೆ ಮಾಡಬೇಡಿ,” ಎಂದು ಕಿತ್ತುಕೊಂಡಳು. ಅಂದಿನಿಂದ ಅಕ್ಕಿ ಅಳೆಯುವಾಗ ಹಳೆಯ ನೆಗ್ಗಿನ ಬದಲಿಗೆ ತನ್ನ ಹೆಬ್ಬೆರಳನ್ನು ಪಾವಿನೊಳಗಿಟ್ಟು ಅಳೆಯತೊಡಗಿದಳು. ಅನ್ನ ಮೊದಲಿನಂತೆ ಬಂದಿತು. ಒಮ್ಮೆ ಅಕ್ಕಿ ಕಡ ಕೇಳಲು ಬಂದ ಪಕ್ಕದ ಮನೆಯ ಶರಣವ್ವ ಅದನ್ನು ಕಂಡು, “ಅಯ್ಯ ಅಕ್ಕಾರ, ಬಟ್ಟು ತಗೀರಿ! ಅಷ್ಟು ಅಕ್ಕಿ ನನಗ ಕಮ್ಮಿ ಬೀಳ್ತಾವು!” ಎಂದಳು.

“ಇದು ಬೆರಳಲ್ಲ ಶರಣವ್ವ, ನಮ್ಮ ಯಜಮಾನರ ಉಡುಗೊರೆ,” ಎಂದಳು ಅಲಮೇಲು.

ಮುಂದಿನ ವರ್ಷ ಮಗಳು ಶಾಮಲಾಳ ಬಾಣಂತನಕ್ಕೆಂದು ಅವಳು ಮೈಸೂರಿಗೆ ಹೋದಳು. ಭರಣಿಯಲ್ಲಿ ಗೊಜ್ಜು ಇಟ್ಟು ಹೋಗಿದ್ದಳು. ನಾನು ಹೆಬ್ಬೆರಳಿಟ್ಟು ಶ್ರದ್ಧೆಯಿಂದ ಅಳೆದೆ, ಅನ್ನ ಗಂಜಿಯಾಯಿತು. ಮೂರು ದಿನ ಗಂಜಿ ಕುಡಿದು, ಅಕ್ಕಿ, ನೀರು, ಬೆರಳಿನ ಘನ ಅಳತೆ ಎಲ್ಲವನ್ನೂ ಲೆಕ್ಕ ಹಾಕಿ ಎರಡು ಪುಟದ ಕಾಗದ ಬರೆದೆ. ಉತ್ತರ ಒಂದು ಕಾರ್ಡಿನಲ್ಲಿ ಬಂದಿತು. ಶರಣವ್ವನ ಮಗಳು ಅದನ್ನು ಮೆಟ್ಟಿಲ ಮೇಲೆ ನಿಂತು ಗಟ್ಟಿಯಾಗಿ ಓದಿಯೇ ನನಗೆ ಕೊಟ್ಟಳು:

‘ನನ್ನ ಬೆರಳು ಸಣ್ಣದು. ನಿಮ್ಮದು ಎಲ್ಲವೂ ದಪ್ಪ. ಕಿರುಬೆರಳು ಇಡಿ. ಲೆಕ್ಕ ಮಾಡಬೇಡಿ.’

ಕಿರುಬೆರಳು ಇಟ್ಟೆ. ಅನ್ನ ಮಲ್ಲಿಗೆಯಂತೆ ಉದುರುದುರಾಗಿ ಬಂದಿತು. ಗೊಜ್ಜು ಕಲಸಿ, ಹಳೆಯ ಅಭ್ಯಾಸದಂತೆ ಶಾಲೆಯ ಡಬ್ಬಿಗೆ ತುಂಬಿ, ಮುಚ್ಚಳ ತೆಗೆದು ಕುಳಿತೆ. ಆ ದಿನ ಪುಳಿಯೋಗರೆ ಪೂರ್ತಿ ನನಗೇ ಸಿಕ್ಕಿತು.