ಮರುಭೂಮಿ ಗುಡಿಸಿದ ನನ್ನಕ್ಕ

ಮರುಭೂಮಿಯನ್ನು ಪೊರಕೆಯಿಂದ ಗುಡಿಸಿದವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ನನ್ನ ಗ್ರಹಚಾರ, ಆಕೆ ನನ್ನ ಒಡಹುಟ್ಟಿದ ಅಕ್ಕ!

ಅಮೆರಿಕದ ಗೈದರ್ಸ್‌ಬರ್ಗಿನ ಅವಳ ಮನೆಗೆ ಹೋಗಬೇಕಾದರೆ ನಾನು ಸ್ಟರ್ಲಿಂಗಿನ ನನ್ನ ಮನೆಯಲ್ಲೇ ಕಾಲು ತೊಳೆದು ಹೊರಡುವುದು ಕ್ಷೇಮ. ಸೋಫಾದಿಂದ ಎದ್ದ ಕೂಡಲೇ ನಾವು ಕೂತಿದ್ದ ಜಾಗ ಒರೆಸುತ್ತಾಳೆ. ಗೋಡೆಯ ಮೇಲೊಂದು ಗೆರೆ ಕಂಡಿತೋ, ಆ ಶನಿವಾರವೇ ಪೇಂಟಿಂಗ್! ಇಂಥವಳ ಮಗ ಕಾಲೇಜಿಗೆ ಹೊರಟು ನಿಂತ. ಹೋಗುವ ಮುಂಚೆ ಅಮ್ಮನ ಜೊತೆ ಒಂದು ಟ್ರಿಪ್ ಬೇಕೆಂದ. ಎಲ್ಲಿಗೆ? ಯೂಟಾದ ಮರುಭೂಮಿಗೆ, ಟೆಂಟಿನಲ್ಲಿ ಮಲಗುವುದಕ್ಕೆ! ಭಾವ ಆಫೀಸಿನ ನೆಪ ಹೇಳಿ ತಪ್ಪಿಸಿಕೊಂಡರು. ಜಗಳವಿಲ್ಲದೆ ತಾಯಿ ಮಗ ಇಬ್ಬರನ್ನೂ ವಾಪಸ್ ಕರೆತರುವ ಹೊಣೆ ತಂಗಿಯಾದ ನನ್ನ ತಲೆಗೆ ಬಿತ್ತು.

ಟೆಂಟ್ ಹಾಕಿದ್ದೇ ತಡ, ಅಕ್ಕನ ಸೂಟ್‌ಕೇಸಿನಿಂದ ಪೊರಕೆ ಹೊರಬಂತು. ಗುಡಿಸಿದಳು. ಗಾಳಿ ಬೀಸಿತು. ಮತ್ತೆ ಗುಡಿಸಿದಳು.

"ಅಮ್ಮಾ, ಇಟ್ಸ್ ಎ ಡೆಸರ್ಟ್! ಮಣ್ಣು ಇರತ್ತೆ!"

"ಇರ್ಲಿ ಕಣೋ, ಆಚೆ ಇರ್ಲಿ. ಒಳಗ್ಯಾಕೆ ಬರ್ಬೇಕು?"

"ಸೀ? ಇದಕ್ಕೇ ಕಾಲೇಜಿಗೆ ಹೋದ್ಮೇಲೆ ನಾನು ವೀಕೆಂಡ್ ಮನೆಗೆ ಬರಲ್ಲ!" ಎಂದವನೇ ಮುಖ ತಿರುಗಿಸಿಕೊಂಡು ಹೋದ.

ಅಷ್ಟಕ್ಕೆ ಅಕ್ಕನ ಕೈ ನಿಂತಿತೇ? ಇನ್ನೂ ಜೋರಾಯಿತು! ಪಕ್ಕದ ಟೆಂಟಿನ ಅಮೆರಿಕನ್ ಅಜ್ಜಿ "ಯೂ ಮಿಸ್ಡ್ ಎ ಸ್ಪಾಟ್" ಎಂದು ತಮಾಷೆ ಮಾಡಿದರೆ, ಇವಳು ಥ್ಯಾಂಕ್ಸ್ ಹೇಳಿ ಅಲ್ಲಿಯೂ ಗುಡಿಸಿ ಬಂದಳು.

ಮರುದಿನ ಪುರಾತನ ಬಂಡೆಚಿತ್ರಗಳನ್ನು ನೋಡಲು ಹೋದೆವು. ಮುಟ್ಟಬಾರದೆಂದು ಬೋರ್ಡ್ ಇತ್ತು. ಕುರಿಗಳು, ಸೂರ್ಯ, ಕೊಂಬಿನ ಮನುಷ್ಯರು! ನಾನು ಬಾಯಿ ಬಿಟ್ಟುಕೊಂಡು ನಿಂತೆ. ಅಕ್ಕ ಸೊಂಟದ ಮೇಲೆ ಕೈಯಿಟ್ಟಳು.

"ಎಂಥಾ ಗೋಡೆ, ಹೆಂಗೆ ಹಾಳು ಮಾಡಿದಾರಲ್ಲೇ! ಮನೇಲಿ ಹೇಳೋರು ಕೇಳೋರು ಇರ್ಲಿಲ್ವಾ?"

ತಲೆ ಚಚ್ಚಿಕೊಳ್ಳೋಣವೆಂದರೆ ಆ ಬಂಡೆಯನ್ನೂ ಮುಟ್ಟುವ ಹಾಗಿರಲಿಲ್ಲ!

ಸ್ವಲ್ಪ ಮುಂದೆ ಹೋದವಳು ಇದ್ದಕ್ಕಿದ್ದಂತೆ ನೆಲದ ಮೇಲೆಯೇ ಕೂತುಬಿಟ್ಟಳು. ಎದುರಿಗೆ, ಮೊಣಕಾಲೆತ್ತರದಲ್ಲಿ, ಕೆಮ್ಮಣ್ಣಿನ ಒಂದು ಪುಟ್ಟ ಕೈಯಚ್ಚು. ಯಾವುದೋ ಕೂಸಿನದು.

"ಬಾರೋ ಇಲ್ಲಿ," ಎಂದು ಮಗನನ್ನು ಕರೆದಳು. "ನೀನೂ ಹಿಂಗೇ ಅಂಗೈಗೆ ಕುಂಕುಮ ಮೆತ್ಕೊಂಡು ನಮ್ಮ ಹಾಲ್ ಗೋಡೆಗೆ ಒತ್ತಿದ್ದೆ."

"ರಿಯಲಿ? ನಾನು ನೋಡೇ ಇಲ್ಲ."

"ಅವತ್ತೇ ಒರೆಸಿಬಿಟ್ಟೆ ಕಣೋ." ಆ ಕೈಯಚ್ಚಿನ ಕಡೆ ಬೆರಳು ತೋರಿಸಿದಳು. "ಇವರಮ್ಮ ಪುಣ್ಯಾತ್ಗಿತ್ತಿ. ಇಟ್ಕೊಂಡಿದಾಳೆ."

ನನಗೆ ಅಳು ಬಂತು. ಅವನು ಅಮ್ಮನ ಪಕ್ಕ ಮಣ್ಣಿನಲ್ಲೇ ಕೂತ.

"ವೀಕೆಂಡ್ ಬರ್ತೀನಮ್ಮಾ."

"ಬಾರೋ," ಎಂದಳು ಅಕ್ಕ. "ಬಂದು ಮನೆಯೆಲ್ಲಾ ಗಲೀಜು ಮಾಡು."